ಎಷ್ಟು ಟನ್? ಮೊದಲು ತಾರಸಿಯನ್ನು ಕೇಳಿ

‘ರೂಮ್ ಎಷ್ಟು ಬೈ ಎಷ್ಟು ಐತ್ರಿ?’

ಯುಗಾದಿ ಮುಗಿಯುತ್ತಿದ್ದಂತೆ ರಾಯಚೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದಿನವಿಡೀ ಕೇಳಿಬರುವ ಪ್ರಶ್ನೆ ಇದು. ಹತ್ತು ಬೈ ಹನ್ನೆರಡು ಎನ್ನುತ್ತಾರೆ ಗಿರಾಕಿ. ‘ಹಂಗಾದ್ರ ಒಂದ್ ಟನ್ ಸಾಕಾಗ್ತದ್ರಿ. ಆದ್ರ ನಮ್ಮ ಬ್ಯಾಸಿಗಿ ನಿಮಗ ಗೊತ್ತದಲ್ಲ, ಒಂದೂವರಿ ತಗೊಂಡ್ರ ನಿಶ್ಚಿಂತಿ’ ಎನ್ನುತ್ತಾರೆ ಅಂಗಡಿಯವರು. ಅಲ್ಲಿಗೆ ಮಾತು ಮುಗಿದು ಕಂತಿನ ಲೆಕ್ಕ ಶುರುವಾಗುತ್ತದೆ. ಎಂಟು ಹತ್ತು ವರ್ಷ ಗೋಡೆಯ ಮೇಲೆ ಇರಬೇಕಾದ, ಪ್ರತಿ ಬೇಸಿಗೆಯ ಕರೆಂಟ್ ಬಿಲ್ಲನ್ನು ತಾನೇ ತೀರ್ಮಾನಿಸುವ ಯಂತ್ರವೊಂದರ ಆಯ್ಕೆ ಉದ್ದ, ಅಗಲ ಎಂಬ ಎರಡು ಅಂಕಿಗಳಲ್ಲಿ ಮುಗಿದುಹೋಗುತ್ತದೆ.

ಆ ಕೋಣೆಯ ನೆತ್ತಿಯ ಮೇಲೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಮೇಲೆ ಇನ್ನೊಂದು ಮನೆಯಿದೆಯೋ, ಬಿಸಿಲಿಗೆ ಬಿದ್ದ ತಾರಸಿಯೋ? ಕಿಟಕಿ ಪಡುವಣಕ್ಕೋ ಮೂಡಣಕ್ಕೋ? ಎಸಿ ಹಾಕುವುದು ಮಧ್ಯಾಹ್ನವೋ, ಮಲಗುವಾಗ ಮಾತ್ರವೋ? ರಾತ್ರಿ ಆ ಕೋಣೆಯಲ್ಲಿ ಇಬ್ಬರಿರುತ್ತಾರೋ ಐವರೋ? ಆನ್‌ಲೈನಿನಲ್ಲಿ ಕೊಳ್ಳುವವರ ಸ್ಥಿತಿ ಇನ್ನೂ ಕಷ್ಟ. ಅಲ್ಲಿ ತೋರಿಸುವ ‘ಇಷ್ಟು ಚದರಡಿಗೆ ಇಷ್ಟು ಟನ್’ ಎಂಬ ಕೋಷ್ಟಕ ರಾಯಚೂರಿಗೂ ಮಂಗಳೂರಿಗೂ ಮಡಿಕೇರಿಗೂ ಒಂದೇ. ಮನೆಗೆ ಮೊದಲ ಬಾರಿಗೆ ಎಸಿ ತರುತ್ತಿರುವ, ಅದಕ್ಕಾಗಿ ವರ್ಷಗಟ್ಟಲೆ ಹಣ ಹೊಂದಿಸಿದ ಕುಟುಂಬಗಳಿಗೆ ಇಷ್ಟು ಒರಟು ಲೆಕ್ಕ ಸಾಲದು. ಸರಿಯಾದ ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ, ಕಾಗದ ಪೆನ್ನು ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ.

ಮೊದಲು ಅಳತೆಯ ವಿಚಾರ. ಎಸಿಯ ಟನ್ನು ಬಂದದ್ದು ಮಂಜುಗಡ್ಡೆಯಿಂದ. ಯಂತ್ರಗಳಿಲ್ಲದ ಕಾಲದಲ್ಲಿ ತಂಪು ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತಿದ್ದ ಸರಕು. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಚಳಿಗಾಲದಲ್ಲಿ ಕೆರೆಗಳಿಂದ ಕೊಯ್ದ ಐಸನ್ನು 1833ರಲ್ಲಿ ಹಡಗಿಗೆ ತುಂಬಿ ಕಲ್ಕತ್ತೆಗೆ ಕಳಿಸಿದ. ದಾರಿಯಲ್ಲಿ ಸಾಕಷ್ಟು ಕರಗಿದರೂ ಉಳಿದದ್ದಕ್ಕೆ ಒಳ್ಳೆಯ ಬೆಲೆ ಬಂತು. ಅದೇ ವ್ಯಾಪಾರಕ್ಕೆಂದು ಮದ್ರಾಸಿನ ಕಡಲ ದಂಡೆಯಲ್ಲಿ ಕಟ್ಟಿದ ಐಸ್ ಹೌಸ್ ಇವತ್ತಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದ ಕಾರಣ ಈಗ ಅದಕ್ಕೆ ಅವರ ಹೆಸರಿದೆ. ಮುಂದೆ ಯಂತ್ರಗಳು ಬಂದಾಗ, ಒಂದು ಯಂತ್ರ ಎಷ್ಟು ಟನ್ ಐಸಿನ ಕೆಲಸ ಮಾಡಬಲ್ಲದು ಎಂದು ಹೇಳುವುದೇ ಜನರಿಗೆ ಅರ್ಥವಾಗುವ ಲೆಕ್ಕವಾಗಿತ್ತು. ಅಮೆರಿಕದ ಒಂದು ಟನ್ ಎಂದರೆ 907 ಕೆ.ಜಿ. ಅಷ್ಟು ಐಸು 24 ಗಂಟೆಗಳಲ್ಲಿ ಪೂರ್ತಿ ಕರಗುವಾಗ ಸುತ್ತಲಿನಿಂದ ಎಷ್ಟು ಶಾಖ ಹೀರುತ್ತದೋ ಅದೇ ಒಂದು ಟನ್ನಿನ ತಂಪು. ಹಳೆಯ ಬಿಟಿಯು ಲೆಕ್ಕದಲ್ಲಿ ಗಂಟೆಗೆ 12,000, ವ್ಯಾಟಿನಲ್ಲಿ 3,517. ಒಂದು ಟನ್ ಎಸಿ ಪೂರ್ತಿ ಕೆಲಸ ಮಾಡುತ್ತಿದ್ದರೆ ಕೋಣೆಯ ಮಧ್ಯೆ ಗಂಟೆಗೆ ಸುಮಾರು 38 ಕೆ.ಜಿ. ಐಸು ಕರಗಿಸಿದ ಹಾಗೆ.

ಈ 3,517 ವ್ಯಾಟ್ ಕರೆಂಟಿನದಲ್ಲ, ಹೊರಗೆ ಸಾಗಿಸುವ ಶಾಖದ್ದು. ಎಸಿ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಕಾವನ್ನು ಎತ್ತಿ ಹೊರಗೆ ಹಾಕುತ್ತದೆ. ಒಂದು ವ್ಯಾಟ್ ಕರೆಂಟು ಖರ್ಚು ಮಾಡಿ ಮೂರು, ನಾಲ್ಕು ವ್ಯಾಟಿನಷ್ಟು ಶಾಖವನ್ನು ಹೊರಹಾಕಬಲ್ಲದು. ಹಾಗಾಗಿ ಟನ್ನಿನ ಪ್ರಶ್ನೆಗೆ ಉತ್ತರ ಬೇಕಿದ್ದರೆ ಕೋಣೆಯೊಳಗೆ ಶಾಖ ಎಲ್ಲೆಲ್ಲಿಂದ, ಎಷ್ಟೆಷ್ಟು ನುಗ್ಗುತ್ತಿದೆ ಎಂದು ಹುಡುಕಬೇಕು.

ಅದೇ ಹತ್ತು ಬೈ ಹನ್ನೆರಡರ ಕೋಣೆಯನ್ನು ತೆಗೆದುಕೊಳ್ಳೋಣ. ಊರು ರಾಯಚೂರು, ತಿಂಗಳು ಏಪ್ರಿಲ್, ಹೊರಗೆ 42 ಡಿಗ್ರಿ. ಸರ್ಕಾರಿ ಕಚೇರಿಗಳೇ ಈ ದಿನಗಳಲ್ಲಿ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಸೀಮೆ ಇದು. ಕೋಣೆ ಮೇಲಂತಸ್ತಿನಲ್ಲಿದೆ, ಮೇಲೆ ಬರೀ ಆರ್‌ಸಿಸಿ ತಾರಸಿ. ಪಡುವಣ ಗೋಡೆಯಲ್ಲಿ ನಾಲ್ಕು ಅಡಿ ಚೌಕದ ಒಂದು ಕಿಟಕಿ. ಒಳಗೆ 26 ಡಿಗ್ರಿ ಇರಬೇಕು ಎನ್ನುವುದು ನಮ್ಮ ಆಸೆ.

ತಾರಸಿಯ ವಿಸ್ತೀರ್ಣ 11 ಚದರ ಮೀಟರ್. ಕಾಂಕ್ರೀಟ್ ಶಾಖವನ್ನು ಸಲೀಸಾಗಿ ದಾಟಿಸುತ್ತದೆ. ಐದಾರು ಅಂಗುಲದ ಸ್ಲ್ಯಾಬಿನ ಆಚೀಚೆ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ 3 ವ್ಯಾಟ್ ಒಳಗಿಳಿಯುತ್ತದೆ. ಬಿಸಿಲು ಕುಡಿದ ತಾರಸಿಯ ಮೈ 60 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒಳಗಿನ 26ಕ್ಕೂ ಅದಕ್ಕೂ 34 ಡಿಗ್ರಿ ಅಂತರ. ಗುಣಿಸಿದರೆ 1,100 ವ್ಯಾಟ್ ದಾಟುತ್ತದೆ. ನೆತ್ತಿಯ ಮೇಲಿನಿಂದಲೇ ಒಂದು ಟನ್ನಿನ ಸುಮಾರು ಮೂರನೇ ಒಂದು ಭಾಗ ಬಂದಾಯಿತು. ಪಡುವಣ ಗೋಡೆಯಿಂದ 400, ಉಳಿದ ಗೋಡೆಗಳಿಂದ 200. ಕಿಟಕಿಯ ಗಾಜಿನ ಮೂಲಕ ನೇರ ಬರುವ ಇಳಿಬಿಸಿಲು 600, ಗಾಜು ತಾನೇ ಕಾದು ಒಳಬಿಡುವುದು 150. ಸುಮ್ಮನೆ ಕೂತ ಮನುಷ್ಯನ ಮೈ ನೂರು ವ್ಯಾಟಿನಷ್ಟು ಶಾಖ ಬಿಡುತ್ತದೆ, ಇಬ್ಬರದು 200. ಬಾಗಿಲು ಕಿಟಕಿಗಳ ಸಂದಿನಿಂದ ನುಸುಳುವ ಬಿಸಿಗಾಳಿ 150, ಫ್ಯಾನು ಟಿ.ವಿ. ದೀಪ ಸೇರಿ ಇನ್ನೊಂದು 150. ಒಟ್ಟು 2,950 ವ್ಯಾಟ್.

ಈಗ ಅದೇ ಮನೆಯ ನೆಲಮಹಡಿಗೆ ಇಳಿಯಿರಿ. ಕೋಣೆ ಅಷ್ಟೇ ದೊಡ್ಡದು, ಕಿಟಕಿಯೂ ಅಷ್ಟೇ, ಆದರೆ ಮೂಡಣಕ್ಕಿದೆ. ಮೇಲಿನ ಕೋಣೆಯ ನೆಲದಿಂದ ಇಳಿಯುವ ಕಾವು 200 ವ್ಯಾಟ್. ಗೋಡೆಗಳು 350, ಕಿಟಕಿ 250. ಜನ, ಗಾಳಿ, ಉಪಕರಣ ಮೊದಲಿನಷ್ಟೇ. ಒಟ್ಟು 1,300. ಒಂದೇ ಊರು, ಒಂದೇ ಗೋಡೆ, ಒಂದೇ ಚದರಡಿ. ಮೇಲಿನ ಕೋಣೆಗೆ ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಇಲ್ಲಿ ಸಾಕು! ಅಂಗಡಿಯ ಕೋಷ್ಟಕ ಎರಡಕ್ಕೂ ಒಂದೇ ಯಂತ್ರ ಕೊಡುತ್ತದೆ. ಮೇಲಿನವರಿಗೆ ಮಧ್ಯಾಹ್ನ ಒಂದು ಟನ್ ಏದುಸಿರು ಬಿಡುತ್ತದೆ, ಕೆಳಗಿನವರಿಗೆ ಮುಕ್ಕಾಲು ಟನ್ನೂ ಧಾರಾಳ.

ಈ ಅಂಕಿಗಳು ನಿಮ್ಮ ಮನೆಯಲ್ಲಿ ಕೊಂಚ ಆಚೀಚೆ ಆಗುತ್ತವೆ. ಕಾದ ಗೋಡೆ, ಮಂಚ, ಗಾದ್ರೆಜ್ ಬೀರುಗಳನ್ನು ಮೊದಲ ಗಂಟೆಯಲ್ಲಿ ತಣಿಸಲು ಒಂದಿಷ್ಟು ಹೆಚ್ಚಿನ ಬಲವೂ ಬೇಕು. ಯಾವುದು ದೊಡ್ಡದು, ಯಾವುದು ಸಣ್ಣದು ಎಂಬ ಕ್ರಮ ಮಾತ್ರ ಬದಲಾಗುವುದಿಲ್ಲ. ಎಸಿ ಎಂದಾಗ ನಾವು ಜನರ ಲೆಕ್ಕ ಹಾಕುತ್ತೇವೆ, ಟಿ.ವಿ. ಆರಿಸುತ್ತೇವೆ, ಬಾಗಿಲು ತೆರೆದಿಟ್ಟ ಮಕ್ಕಳನ್ನು ಗದರುತ್ತೇವೆ. ತಾರಸಿಯತ್ತ ಮಾತ್ರ ತಲೆಯೆತ್ತಿ ನೋಡುವುದಿಲ್ಲ.

ತಾರಸಿಗೆ ಇನ್ನೊಂದು ಗುಣವಿದೆ. ಬೆಂಕಿ ಆರಿದ ಮೇಲೂ ಮಣ್ಣಿನ ಒಲೆ ಬಿಸಿಯಾಗಿಯೇ ಇರುವಂತೆ, ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡ ಸ್ಲ್ಯಾಬು ಸಂಜೆಯಾದ ಮೇಲೆ ಅದನ್ನು ಒಳಕ್ಕೆ ಬಿಡುತ್ತದೆ. ಹೊರಗೆ ತಂಗಾಳಿ ಶುರುವಾದ ಒಂಬತ್ತು ಗಂಟೆಗೂ ಒಳಗೆ ಮಲಗಲಾಗದ ಧಗೆ ಇರುವುದು ಇದರಿಂದಲೇ. ತಾರಸಿಗೆ ನೀರು ಚೆಲ್ಲಿ ಅಲ್ಲೇ ಹಾಸಿಗೆ ಹಾಸುತ್ತಿದ್ದ ಹಿರಿಯರಿಗೆ ಈ ಲೆಕ್ಕ ಅನುಭವದಿಂದ ಗೊತ್ತಿತ್ತು. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇದ್ದ ರಾಯಚೂರು ಕಡೆಯ ಹಳೆಯ ಮನೆಗಳು ಏಪ್ರಿಲ್ ಮಧ್ಯಾಹ್ನವನ್ನೂ ಸಹಿಸಿಕೊಳ್ಳುವಂತೆ ಕಟ್ಟಿದವು. ಅವನ್ನು ಕೆಡವಿ ಐದು ಅಂಗುಲದ ಕಾಂಕ್ರೀಟ್ ಹಾಕಿದ ದಿನವೇ ಮುಂದೊಂದು ದಿನ ಎಸಿ ಕೊಳ್ಳುವುದು ಖಾತ್ರಿಯಾಯಿತು ಎಂದು ನನಗನ್ನಿಸುತ್ತದೆ.

ಹಾಗಿದ್ದರೆ ಟನ್ ಏರಿಸುವ ಮೊದಲು ಶಾಖ ಇಳಿಸಬಹುದಲ್ಲ? ತಾರಸಿಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಲೇಪ ಬಳಿದರೆ ಅದರ ಮೈ ಕಾಯುವುದೇ ಕಡಿಮೆಯಾಗಿ, ಮೇಲಿನ 1,100 ವ್ಯಾಟ್ 650ರ ಸುಮಾರಿಗೆ ಇಳಿಯುತ್ತದೆ. ಪಡುವಣ ಕಿಟಕಿಗೆ ಹೊರಗಡೆಯಿಂದ ಬಿದಿರಿನ ತಟ್ಟಿ ಇಳಿಬಿಟ್ಟರೆ 600 ವ್ಯಾಟಿನ ಬಿಸಿಲು 150ಕ್ಕೆ ಬರುತ್ತದೆ. ಹೊರಗಡೆಯಿಂದ ಎನ್ನುವುದು ಮುಖ್ಯ. ಒಳಗಿನ ಪರದೆ ಬಿಸಿಲನ್ನು ತಡೆಯುವ ಹೊತ್ತಿಗೆ ಅದು ಗಾಜು ದಾಟಿ ಕೋಣೆ ಸೇರಿರುತ್ತದೆ. ಎರಡೂ ಸೇರಿ 900 ವ್ಯಾಟ್ ಉಳಿತಾಯ. 2,950 ಇದ್ದದ್ದು 2,050ಕ್ಕೆ ಇಳಿದರೆ ಆ ಮೇಲಂತಸ್ತಿನ ಕೋಣೆಗೂ ಒಂದು ಟನ್ ನೆಮ್ಮದಿಯಾಗಿ ಸಾಕು. ಒಂದೂವರೆ ಟನ್ನಿಗೆ ಕೊಡುತ್ತಿದ್ದ ಹೆಚ್ಚಿನ ಹಣದಲ್ಲಿ ಬಣ್ಣ, ತಟ್ಟಿಯ ಖರ್ಚು ಬಹುಪಾಲು ಹೊರಟುಹೋಗುತ್ತದೆ. ಕರೆಂಟು ಹೋದಾಗಲೂ ಆ ಬಣ್ಣ ಕೆಲಸ ಮಾಡುತ್ತಿರುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ತಾರಸಿಗಾಗಿಯೇ ಒಂದು ನೀತಿ ತಂದು ಸರ್ಕಾರಿ, ವಾಣಿಜ್ಯ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿದೆ. ಗಡಿಯ ಈಚೆಗೂ ಬಿಸಿಲು ಅಷ್ಟೇ ಇದೆ.

ಬಾಡಿಗೆದಾರರ ಪಾಡು ಬೇರೆ. ಮೇಲಂತಸ್ತಿನ ಮನೆಗಳಲ್ಲಿ ಇರುವವರು ಹೆಚ್ಚಾಗಿ ಅವರೇ, ತಾರಸಿ ಮಾತ್ರ ಮಾಲೀಕರದು. ಬಣ್ಣದ ಖರ್ಚು ಒಬ್ಬರದು, ತಂಪು ಇನ್ನೊಬ್ಬರದು ಎಂಬ ಕಾರಣಕ್ಕೆ ಸಾವಿರಾರು ತಾರಸಿಗಳು ಹಾಗೇ ಕಾಯುತ್ತಿವೆ. ಮಾಲೀಕರೊಂದಿಗೆ ಒಮ್ಮೆ ಕೂತು ಮಾತಾಡಿ, ಅರ್ಧ ಖರ್ಚು ಹಂಚಿಕೊಂಡಾದರೂ ಬಳಿಸುವುದು ಲಾಭ. ಕಾಂಕ್ರೀಟಿಗೂ ಅಷ್ಟು ಬಿಸಿಲಿನ ಏರಿಳಿತ ಒಳ್ಳೆಯದಲ್ಲ, ಬಿರುಕು ಸೋರಿಕೆ ಕಡಿಮೆಯಾಗುತ್ತದೆ ಎಂದು ಹೇಳಿದರೆ ಒಪ್ಪುವ ಮಾಲೀಕರೂ ಇದ್ದಾರೆ.

ಇನ್ನು ಕರಾವಳಿ. ಮಂಗಳೂರಿನಲ್ಲಿ ಬಿಸಿಲು 33 ಡಿಗ್ರಿಯ ಸುತ್ತಲೇ ಇರುತ್ತದೆ. ರಾಯಚೂರಿಗಿಂತ ಒಂಬತ್ತು ಡಿಗ್ರಿ ಕಡಿಮೆ ಇದೆಯಲ್ಲ, ಸಣ್ಣ ಯಂತ್ರ ಸಾಕಲ್ಲವೇ ಎಂದು ಕೇಳಬಹುದು. ಸೆಕೆಯಲ್ಲಿ ಬೆಂದವರು ಹಾಗೆ ಕೇಳುವುದಿಲ್ಲ. 42 ಡಿಗ್ರಿಯ ಒಣ ಮಧ್ಯಾಹ್ನ, ತೇವಾಂಶ ಶೇ 20 ಇದ್ದಾಗ, ರಾಯಚೂರಿನ ಒಂದು ಘನ ಮೀಟರ್ ಗಾಳಿಯಲ್ಲಿ ಇರುವ ನೀರು 11 ಗ್ರಾಂ. 33 ಡಿಗ್ರಿಯ ಮಂಗಳೂರಿನಲ್ಲಿ ತೇವಾಂಶ ಶೇ 70 ಇದ್ದರೆ 25 ಗ್ರಾಂ. ಎಸಿಯ ತಣ್ಣನೆಯ ಕಾಯಿಲ್‌ಗೆ ತಾಗಿ ಆ ಆವಿ ನೀರಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. ಗಂಟೆಗೆ ಒಂದು ಲೀಟರ್ ನೀರು ಇಳಿಸಲು ಬೇಕಾಗುವ ಬಲ ಸುಮಾರು 680 ವ್ಯಾಟ್. ಅಂದರೆ ಒಂದು ಟನ್ನಿನ ಐದನೇ ಒಂದು ಭಾಗ ಕೋಣೆಯನ್ನು ಒಂದು ಡಿಗ್ರಿಯೂ ತಣಿಸದೆ, ಹೊರಗೆ ಪೈಪಿನ ತುದಿಯಲ್ಲಿ ತೊಟ್ಟಿಕ್ಕುವ ನೀರಿಗೆ ಖರ್ಚಾಗುತ್ತದೆ. ಅದು ದಂಡವಲ್ಲ. ಕರಾವಳಿಯಲ್ಲಿ ಮೈಗೆ ಹಾಯೆನಿಸುವುದೇ ಆ ನೀರು ಹೊರಹೋದ್ದರಿಂದ. ಎಸಿಯ ಹುಟ್ಟಿಗೂ ಕಾರಣ ಇದೇ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ತನ್ನ ಮೊದಲ ವ್ಯವಸ್ಥೆಯನ್ನು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯಕ್ಕೆ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಸರಿದುಹೋಗುತ್ತಿದ್ದವು. ಅದನ್ನು ನಿಲ್ಲಿಸುವುದೇ ಅವನಿಗೆ ಒಪ್ಪಿಸಿದ ಕೆಲಸ.

ಕರಾವಳಿಯಲ್ಲಿ ಅತಿ ದೊಡ್ಡ ಎಸಿ ಕೆಟ್ಟದಾಗಿ ಕಾಡುವುದೂ ಈ ಕಾರಣಕ್ಕೆ. ಅಗತ್ಯಕ್ಕಿಂತ ದೊಡ್ಡ ಯಂತ್ರ ಐದೇ ನಿಮಿಷದಲ್ಲಿ 24 ಡಿಗ್ರಿ ಮುಟ್ಟಿಸಿ ನಿಂತುಬಿಡುತ್ತದೆ. ಕಾಯಿಲ್ ಮೇಲೆ ಗಾಳಿ ಬಹಳ ಹೊತ್ತು ಹರಿದರೆ ಮಾತ್ರ ತೇವ ಇಳಿಯುವುದು. ಯಂತ್ರ ನಿಂತಾಗ ಕಾಯಿಲ್ ಮೇಲೆ ಉಳಿದ ನೀರು ಮತ್ತೆ ಆವಿಯಾಗಿ ಕೋಣೆಗೇ ಬರುತ್ತದೆ. ಕೋಣೆ ತಣ್ಣಗಿದೆ, ಹಾಸಿಗೆ ಮಾತ್ರ ಥಂಡಿ ಹಿಡಿದಂತೆ ಜಿಗುಟು. ಮನೆಯವರು 24ನ್ನು 20ಕ್ಕೆ ಇಳಿಸುತ್ತಾರೆ, ಬಿಲ್ಲು ಏರುತ್ತದೆ, ಗೋಡೆಯ ಮೂಲೆಯಲ್ಲಿ ಬೂಷ್ಟು ಕಾಣಿಸಿಕೊಳ್ಳುತ್ತದೆ. ‘ಎಸಿ ಉಂಟು, ಆದ್ರೂ ಸೆಕೆ ಹೋಗುದಿಲ್ಲ’ ಎಂಬ ದೂರಿಗೆ ಬಹಳ ಸಲ ಕಾರಣ ಯಂತ್ರ ಸಣ್ಣದಿರುವುದಲ್ಲ, ದೊಡ್ಡದಿರುವುದು. ಹಂಚಿನ ಮಾಡಿನ ಕೋಣೆಗಳಲ್ಲಿ ಬೇರೆಯದೇ ಸಮಸ್ಯೆ. ಹಂಚಿನ ಸಂದುಗಳಿಂದ ಒದ್ದೆ ಗಾಳಿ ಸದಾ ಒಳಬರುತ್ತಿರುತ್ತದೆ. ಅಲ್ಲಿ ಸಂದಿಲ್ಲದಂತೆ ಕೆಳಗೊಂದು ಸೀಲಿಂಗ್ ಹಾಕಿಸದೆ ಎರಡು ಟನ್ ತಂದರೂ ಹೊರಗಿನ ಗಾಳಿಯನ್ನು ಒಣಗಿಸುತ್ತಾ ಕೂರಬೇಕಾಗುತ್ತದೆ.

ರಾಯಚೂರು, ಕಲಬುರಗಿಯ ಒಣ ಹವೆಗೆ ಇನ್ನೊಂದು ಅನುಕೂಲವಿದೆ. ನೀರು ಆರುತ್ತಾ ಗಾಳಿಯನ್ನು ತಣಿಸುವ ಕೂಲರ್ ಅಲ್ಲಿ 42 ಡಿಗ್ರಿಯ ಗಾಳಿಯನ್ನು 27-28ಕ್ಕೆ ಇಳಿಸಬಲ್ಲದು, ಕರೆಂಟಿನ ಖರ್ಚು ಎಸಿಯ ಒಂದು ಸಣ್ಣ ಪಾಲು. ಕಿಟಕಿ ತೆರೆದಿರಬೇಕು, ನೀರಿರಬೇಕು. ಅದೇ ಕೂಲರನ್ನು ಮಂಗಳೂರಿಗೆ ಒಯ್ದರೆ ಸೆಕೆ ಇನ್ನಷ್ಟಾಗುತ್ತದೆ. ಬೆಂಗಳೂರಿನ ಮಾತು ಚಿಕ್ಕದು. ಅಲ್ಲಿ ರಾತ್ರಿ ತಂಪಾಗುತ್ತದೆ. ಮಧ್ಯದ ಮಹಡಿಗಳ ಮಲಗುವ ಕೋಣೆಗೆ ಒಂದು ಟನ್ ದಾಟುವ ಅಗತ್ಯವೇ ಅಪರೂಪ. ಪಡುವಣಕ್ಕೆ ಗೋಡೆ ತುಂಬ ಗಾಜು ಇಟ್ಟ ಫ್ಲ್ಯಾಟುಗಳು ಮಾತ್ರ ಈ ಮಾತಿಗೆ ಹೊರತು.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ‘1.5 ಟನ್’ ಒಂದು ವರ್ಗದ ಗುರುತು ಎಂದು ತಿಳಿಯುವುದು ಲೇಸು. ನಿಜವಾದ ಅಂಕಿ ಇರುವುದು ಇಂಧನ ದಕ್ಷತಾ ಬ್ಯೂರೊದ ಸ್ಟಾರ್ ಲೇಬಲಿನಲ್ಲಿ, ವ್ಯಾಟ್ ಲೆಕ್ಕದಲ್ಲಿ. ಒಂದೂವರೆ ಟನ್ ಎಂದೇ ಮಾರುವ ಒಂದು ಮಾದರಿ 4,700 ವ್ಯಾಟ್ ಸುತ್ತಮುತ್ತ ಇದ್ದರೆ ಇನ್ನೊಂದು 5,200 ಇರಬಹುದು. 3,517ರಿಂದ ಭಾಗಿಸಿ ನೋಡಿ. ಮೊದಲನೆಯದು ಒಂದೂ ಕಾಲು ಟನ್ನಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆ ಅಂಕಿಯನ್ನು ಅಳೆಯುವುದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇಟ್ಟು. ಹೊರಗೆ 42 ಇದ್ದಾಗ ಅದೇ ಯಂತ್ರ ಅಷ್ಟು ತಂಪು ಕೊಡಲಾರದು, ಕರೆಂಟನ್ನೂ ಹೆಚ್ಚು ಎಳೆಯುತ್ತದೆ. ರಾಯಚೂರು, ಕಲಬುರಗಿ, ವಿಜಯಪುರದವರು ಲೆಕ್ಕ ಹಾಕುವಾಗ ಲೇಬಲಿನ ವ್ಯಾಟಿನಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಕಳೆದುಕೊಳ್ಳಬೇಕು. ಮೇಲಂತಸ್ತಿನ 2,950 ವ್ಯಾಟಿಗೆ ಒಂದು ಟನ್ ಏದುಸಿರು ಬಿಡುತ್ತದೆ ಎಂದದ್ದು ಇದಕ್ಕೇ.

ಸ್ಟಾರುಗಳು ಸಾಮರ್ಥ್ಯ ಹೇಳುವುದಿಲ್ಲ. ಐದು ಸ್ಟಾರಿನ ಎಸಿ ಮೂರು ಸ್ಟಾರಿನದಕ್ಕಿಂತ ಹೆಚ್ಚು ತಣಿಸುತ್ತದೆ ಎಂಬ ನಂಬಿಕೆ ಬಲವಾಗಿದೆ; ನಿಜವಾಗಿ ಐದು ಸ್ಟಾರಿನದು ಅದೇ ತಂಪನ್ನು ಕಡಿಮೆ ಕರೆಂಟಿನಲ್ಲಿ ಕೊಡುತ್ತದೆ. ಲೇಬಲಿನಲ್ಲಿ ಬರೆದ ವಾರ್ಷಿಕ ಯೂನಿಟ್ ವರ್ಷಕ್ಕೆ 1,600 ಗಂಟೆ ಓಡಿಸಿದರೆ ಎಂಬ ಲೆಕ್ಕದ್ದು. ನೂರು ರಾತ್ರಿ, ಎಂಟೆಂಟು ಗಂಟೆ ಓಡಿಸುವವರಿಗೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಷ್ಟು ಕಡಿಮೆ ಓಡಿಸುವ ಮನೆಗೆ ಐದು ಸ್ಟಾರಿನ ಹೆಚ್ಚಿನ ಬೆಲೆ ಎಷ್ಟು ವರ್ಷಕ್ಕೆ ಗಿಟ್ಟುತ್ತದೆ ಎಂದು ನೋಡಿಯೇ ಕೊಳ್ಳಬೇಕು. ಆ ಹಣ ತಾರಸಿಗೆ ಹೆಚ್ಚು ಉಪಯೋಗಕ್ಕೆ ಬರುವ ಮನೆಗಳು ಎಷ್ಟೋ ಇವೆ.

ಇನ್ವರ್ಟರ್ ಎಸಿ ಬಂದ ಮೇಲೆ ಅಳತೆಯ ತಲೆನೋವೇ ಇಲ್ಲ, ದೊಡ್ಡದು ತಂದಿಟ್ಟರೆ ಬೇಕಾದಷ್ಟೇ ಓಡುತ್ತದೆ ಎನ್ನುವ ವಾದವಿದೆ. ಅದರಲ್ಲಿ ಅರ್ಧ ಸತ್ಯವಿದೆ. ಇನ್ವರ್ಟರಿನ ಕಂಪ್ರೆಸರ್ ವೇಗ ತಗ್ಗಿಸಿಕೊಂಡು ನಿಧಾನಕ್ಕೆ ಓಡುವಾಗ ಕರೆಂಟೂ ಉಳಿಯುತ್ತದೆ, ತೇವವೂ ಇಳಿಯುತ್ತದೆ. ಸ್ವಲ್ಪ ದೊಡ್ಡದಿದ್ದರೆ ನಷ್ಟವಿಲ್ಲ. ಆದರೆ ತಗ್ಗುವುದಕ್ಕೂ ಒಂದು ತಳವಿದೆ. ಹಲವು ಮಾದರಿಗಳಲ್ಲಿ ಅದು ಪೂರ್ತಿ ಸಾಮರ್ಥ್ಯದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ. 5,200 ವ್ಯಾಟಿನ ಯಂತ್ರ 1,500ಕ್ಕಿಂತ ಕೆಳಗೆ ಇಳಿಯುವುದಿಲ್ಲ ಎನ್ನಿ. ಆ ನೆಲಮಹಡಿಯ ಕೋಣೆಗೆ ಸುಡು ಮಧ್ಯಾಹ್ನವೂ ಬೇಕಾದ್ದು 1,300 ಮಾತ್ರ. ರಾತ್ರಿ ಅದರ ಅರ್ಧ. ಅಲ್ಲಿ ಇನ್ವರ್ಟರೂ ಹಳೆಯ ಎಸಿಯಂತೆ ಹತ್ತುತ್ತಾ ಆರುತ್ತಾ ಇರುತ್ತದೆ. ಕೊಳ್ಳುವಾಗ ಕನಿಷ್ಠ ಸಾಮರ್ಥ್ಯ ಎಷ್ಟು ಎಂದು ಕೇಳಿ. ಕಂಪನಿಯ ಕ್ಯಾಟಲಾಗಿನಲ್ಲಿ ಬಹಳಷ್ಟು ಸಲ ಆ ಅಂಕಿ ಇರುತ್ತದೆ.

ಟನ್ ಹೆಚ್ಚಿದಂತೆ ಮನೆಯ ವೈರಿಂಗ್ ಕೂಡ ಮಾತಾಡುತ್ತದೆ. ಒಂದೂವರೆ ಟನ್ ಪೂರ್ತಿ ಓಡಿದಾಗ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಹಳೆಯ ಮನೆಯ ಸಣ್ಣ ವೈರಿಗೆ ಅದನ್ನು ಸಿಕ್ಕಿಸುವುದು ಅಪಾಯ. ಮೀಟರ್ ಬೋರ್ಡಿನಿಂದ ಬೇರೆಯೇ ಒಂದು ದಪ್ಪ ತಾಮ್ರದ ವೈರು, ತಕ್ಕ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಮಂಜೂರಾದ ಲೋಡ್ ಸಾಲದಿದ್ದರೆ ಹೆಚ್ಚಿಸಿಕೊಳ್ಳಬೇಕು, ಅದರ ಮೇಲೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮನೆಗಳಿಗೆ ಇನ್ನೊಂದು ಎಚ್ಚರ. ರಾತ್ರಿ ಎಂಟು ಗಂಟೆ ಸರಾಸರಿ 600 ವ್ಯಾಟ್ ಎಳೆದರೂ ತಿಂಗಳಿಗೆ 144 ಯೂನಿಟ್ ಆಗುತ್ತದೆ. ಮನೆಯ ಮಿಕ್ಕ ಬಳಕೆ ಸೇರಿ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಅಲ್ಲಿ ಕಾಲು ಟನ್ನಿನ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. 2020ರಿಂದ ಸ್ಟಾರ್ ಲೇಬಲಿನ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗುವಂತೆ ಕಡ್ಡಾಯ ಮಾಡಿದ್ದಾರೆ. ಒಂದೊಂದು ಡಿಗ್ರಿ ಏರಿಸಿದರೂ ಶೇ 6ರಷ್ಟು ಉಳಿತಾಯ ಎನ್ನುತ್ತದೆ ಬ್ಯೂರೊ. ಫ್ಯಾನು ಸಣ್ಣಗೆ ತಿರುಗುತ್ತಿದ್ದರೆ 27 ಡಿಗ್ರಿಯಲ್ಲೂ ಚೆನ್ನಾಗಿ ನಿದ್ದೆ ಬರುತ್ತದೆ. 18ಕ್ಕೆ ಇಟ್ಟು ಎರಡು ಕಂಬಳಿ ಹೊದೆಯುವುದಕ್ಕೆಂದು ಯಾರೂ ಹೆಚ್ಚಿನ ಟನ್ ಕೊಳ್ಳಬಾರದು.

ಲೆಕ್ಕ ಹಾಕಿ ಸರಿಯಾದ ಯಂತ್ರ ತಂದ ಮೇಲೂ ಕೂಡಿಸುವವರ ಅವಸರದಲ್ಲಿ ಅದರ ಬಲ ಸೋರಿಹೋಗುತ್ತದೆ. ಔಟ್‌ಡೋರ್ ಯೂನಿಟ್ಟನ್ನು ಎರಡು ಮನೆಗಳ ನಡುವಿನ ಇಕ್ಕಟ್ಟಿನ ಸಂದಿಯಲ್ಲೋ, ಪಡುವಣ ಬಿಸಿಲಿಗೋ ಇಟ್ಟರೆ ಅದು ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಇಲ್ಲವೇ ಬಿಸಿಲಿಗೇ ಕಾಯುತ್ತದೆ. ಆಗ ಅದರ ಪಾಲಿಗೆ ಹೊರಗಿನ ಬಿಸಿಲು 42 ಅಲ್ಲ, 50. ಮುಂದೆ ಗಾಳಿ ಸಲೀಸಾಗಿ ಹೋಗುವ ಜಾಗವಿರಲಿ, ಮೇಲೆ ನೆರಳಿರಲಿ. ತಾಮ್ರದ ಪೈಪ್ ಆದಷ್ಟು ಗಿಡ್ಡವಾಗಿರಲಿ. ಗ್ಯಾಸ್ ಬಿಡುವ ಮೊದಲು ಪೈಪಿನೊಳಗಿನ ಗಾಳಿ, ತೇವವನ್ನು ವ್ಯಾಕ್ಯೂಮ್ ಪಂಪಿನಿಂದ ತೆಗೆಸಲು ಪಟ್ಟು ಹಿಡಿಯಿರಿ, ಪಂಪ್ ತಂದಿಲ್ಲ ಎಂದರೆ ನಾಳೆ ತರಲಿ ಎನ್ನಿ. ಎಲ್ಲ ಆದ ಮೇಲೆ, ಬಿಸಿಲು ಜೋರಾಗಿರುವ ಒಂದು ದಿನ ಸಂಜೆ ನಾಲ್ಕಕ್ಕೆ 26 ಡಿಗ್ರಿಗೆ ಇಟ್ಟು ಬಾಗಿಲು ಹಾಕಿ. ಒಂದು ಗಂಟೆಯೊಳಗೆ ಕೋಣೆ ಅಲ್ಲಿಗೆ ಬಂದು, ಹೊರಗಿನ ಯೂನಿಟ್ಟಿನ ಸದ್ದು ತಗ್ಗಿದರೆ ಅಳತೆ ಸರಿಯಿದೆ. ಐದು ನಿಮಿಷಕ್ಕೇ ನಿಂತು ನಿಂತು ಹತ್ತುತ್ತಿದ್ದರೆ ಯಂತ್ರ ದೊಡ್ಡದಾಯಿತು. ಸಂಜೆ ಏಳಾದರೂ ಒಂದೇ ಸಮನೆ ಓಡುತ್ತಲೇ ಇದ್ದು 29ರಲ್ಲೇ ನಿಂತಿದ್ದರೆ ಬೇರೆ ಎಸಿ ಹುಡುಕುವ ಮುನ್ನ ಒಂದು ಡಬ್ಬ ಬಿಳಿ ಬಣ್ಣ ಹಿಡಿದು ತಾರಸಿ ಹತ್ತಿ.